ಎರಡನೇ ಸಲ ಕೇಳದ ಪ್ರಶ್ನೆ

ಸಿಂದಗಿ ಬಸ್‌ಸ್ಟ್ಯಾಂಡಿನ ಎದುರು, ಬೇವಿನ ಮರದ ಕೆಳಗೆ ನಿಲ್ಲುತ್ತಿದ್ದ ಬಾಡಿಗೆ ಕಾರುಗಳ ಡ್ರೈವರುಗಳಲ್ಲಿ ಮೋದಿನಸಾಬನೇ ಹಿರಿಯ. ಎಪ್ಪತ್ತೆಂಟು-ಎಪ್ಪತ್ತೊಂಬತ್ತನೇ ಇಸವಿಯ ಹೊತ್ತಿಗೆ ಅವನನ್ನು ಕಂಡವರೆಲ್ಲ ಸೊಕ್ಕಿನ ಮನುಷ್ಯ ಎನ್ನುತ್ತಿದ್ದರು. ಯಾರಾದರೂ ಬಂದು, "ಕಾಕಾ, ಗಾಡಿ ಏರಿನ್ಯಾಗ ಕೆಮ್ಮತೈತಿ, ಯಾಕಿರಬೇಕ್ರಿ?" ಎಂದರೆ, "ನನಗೇನ ಗೊತ್ತು? ಬಿಜಾಪುರಕ್ಕ ಒಯ್ದು ಮೇಸ್ತ್ರಿನ್ನ ಕೇಳು" ಎಂದು ಮುಖ ತಿರುಗಿಸಿಬಿಡುತ್ತಿದ್ದ. ಗೊತ್ತಿದ್ದೂ ಹೇಳುವುದಿಲ್ಲ, ವಿದ್ಯೆಯನ್ನು ಗೋರಿಗೆ ಒಯ್ಯುತ್ತಾನೆ ಎಂದು ಹೊಸ ಡ್ರೈವರುಗಳು ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದರು. ಆಡಿಕೊಳ್ಳಲಿ, ಅವರಿಗೇನು ಗೊತ್ತು. ಆ ಮನುಷ್ಯನಿಗೆ ಸೊಕ್ಕಿದ್ದದ್ದು ನಿಜವೇ, ಆದರೆ ಅದು ಐದು ವರ್ಷ ಹಿಂದಿನ ಮಾತು. ಇವರು ಸೊಕ್ಕು ಎಂದುಕೊಂಡದ್ದು ನಾಚಿಕೆಯಾಗಿತ್ತು.

ಮೋದಿನಸಾಬ ಕನ್ನೊಳ್ಳಿಯವನು. ಸಾಲಿಯ ಮೆಟ್ಟಿಲು ಹತ್ತಿದವನಲ್ಲ. ಹದಿನೈದು ವರ್ಷ ತೊಗರಿ ಚೀಲ ಹೇರಿದ ಹಳೇ ಲಾರಿ ಓಡಿಸಿ, ಆಮೇಲೆ ಬಿಜಾಪುರದ ವಕೀಲರೊಬ್ಬರು ಮಾರಿದ ಹಳೇ ಅಂಬಾಸಿಡರ್ ಕೊಂಡು ಸಿಂದಗಿಗೆ ಬಂದು ನಿಂತವನು. ಓದು ಬರದಿದ್ದರೇನು, ಕಿವಿ ಇತ್ತು. ಇಂಜಿನ್ ಚಾಲೂ ಮಾಡಿಸಿ, ಕಣ್ಣು ಮುಚ್ಚಿ, ತಲೆ ಒಂದು ಕಡೆ ವಾಲಿಸಿ ನಿಂತನೆಂದರೆ, "ಮೂರನೇ ಪ್ಲಗ್ಗು ಸತ್ತೈತಿ ನೋಡು" ಎಂದು ಹೇಳುತ್ತಿದ್ದ. ಬಿಚ್ಚಿ ನೋಡಿದರೆ ಮೂರನೆಯದೇ ಆಗಿರುತ್ತಿತ್ತು. ಇಂಥದ್ದು ಹತ್ತು ಸಲ ನಡೆದ ಮೇಲೆ ಹನ್ನೊಂದನೇ ಸಲ ಬಿಚ್ಚಿ ನೋಡುವ ಗೋಜಿಗೆ ಯಾರೂ ಹೋಗಲಿಲ್ಲ.

ಬಾಡಿಗೆ ಸಿಗದ ಹೊತ್ತಿನಲ್ಲಿ ಆ ಮರದ ಕೆಳಗೆ ನಡೆಯುತ್ತಿದ್ದದ್ದು ಒಂದೇ ಮಾತು, ಗಾಡಿಯ ರೋಗ ಮತ್ತು ಅದಕ್ಕೆ ಮದ್ದು. ಬ್ಯಾಸಗಿ ಬಿಸಿಲಿಗೆ ಪೆಟ್ರೋಲು ಪೈಪಿನಲ್ಲೇ ಕುದ್ದು ಗಾಡಿ ನಿಂತರೆ ಪಂಪಿಗೆ ಒದ್ದೆ ಅರಿವೆ ಸುತ್ತಬೇಕು. ರೇಡಿಯೇಟರ್ ಸೋರಿದರೆ ಒಂದು ಮುಷ್ಟಿ ಅರಿಶಿನ ಪುಡಿ ಸುರಿದು ಊರು ಮುಟ್ಟಬೇಕು. ಪೆಟ್ರೋಲ್ ಟ್ಯಾಂಕು ತೂತಾದರೆ ಬಟ್ಟೆ ಸಾಬಾನು ಮೆತ್ತಬೇಕು. ಕಿಡಿ ಸರಿಯಾಗಿ ಹಾರದಿದ್ದರೆ ಕಡ್ಡಿಪೆಟ್ಟಿಗೆಯ ಗೀರುವ ಬದಿಯಿಂದ ಪಾಯಿಂಟು ತಿಕ್ಕಬೇಕು. ಇಂಡಿಯಿಂದ ನಿಂಬೆಹಣ್ಣು ಹೇರಿಕೊಂಡು ಬಂದ ಟೆಂಪೋದವರು, ಮುದ್ದೇಬಿಹಾಳದ ಜೀಪಿನವರು ಎಲ್ಲರೂ ಚಹಾಕ್ಕೆ ಇಳಿದಾಗ ತಮ್ಮ ತಮ್ಮ ಗಾಡಿಯ ಗೋಳು ತಂದು ಮೋದಿನಸಾಬನ ಮುಂದೆ ಹರವುತ್ತಿದ್ದರು. ಅವನು ಬೀಡಿ ಹಚ್ಚಿ, ನಾಲ್ಕು ದಮ್ಮು ಎಳೆದು, ಆಮೇಲೆ ಹೇಳುತ್ತಿದ್ದ. ಹಕೀಮನ ಗತ್ತೂ ಅಷ್ಟಿರಲಿಕ್ಕಿಲ್ಲ.

ಅಲ್ಲೊಂದು ಪದ್ಧತಿ ಬೆಳೆದಿತ್ತು. ಪ್ರಶ್ನೆ ಕೇಳಿದವನು ಮೋದಿನಸಾಬನಿಗೆ ಒಂದು ಚಹಾ ಕುಡಿಸಬೇಕು. ಅದೇ ಪ್ರಶ್ನೆಯನ್ನು ಎರಡನೇ ಸಲ ಕೇಳಿದರೆ, ಅಂದರೆ ಅವನ ಮಾತಿನ ಮೇಲೆ ಅನುಮಾನ ತೋರಿಸಿದರೆ, ಇಡೀ ಸ್ಟ್ಯಾಂಡಿಗೆ ಚಹಾ ಕುಡಿಸಬೇಕು. ಚಹಾದ ಮಾತಿರಲಿ, ಕುಡಿಸಿದವನಿಗೆ ಆಮೇಲೆ ಬೀಳುತ್ತಿದ್ದ ನಗೆ ಇತ್ತಲ್ಲ, ಅದನ್ನು ತಡೆದುಕೊಳ್ಳುವುದು ಕಷ್ಟ. ತೊಗರಿ ವ್ಯಾಪಾರಿ ಶ್ರೀಶೈಲಪ್ಪ ಸಾವಕಾರರ ಕಾರು ಓಡಿಸುತ್ತಿದ್ದ ಸಿದ್ರಾಮ ಒಮ್ಮೆ ಹೀಗೆ ಸಿಕ್ಕಿಬಿದ್ದ. ಹೊಸದಾಗಿ ಮದುವೆಯಾದ, ಮಾತು ಕಡಿಮೆಯ ಮನುಷ್ಯ. ಏನೋ ಬ್ಯಾಟರಿಯ ಸಂಗತಿ, "ಖರೇನ ಹಾಂಗೇನ್ರಿ ಕಾಕಾ?" ಎಂದುಬಿಟ್ಟ. ಮೋದಿನಸಾಬ ಎದ್ದು ನಿಂತು ಎಲ್ಲರ ಕಡೆ ಕೈ ತೋರಿಸಿ, "ನೋಡ್ರಪಾ, ಸಾವಕಾರ್ರ ಇಂಜಿನಿಯರ ಬಂದಾನ. ಇನ್ನ ಮ್ಯಾಲ ನಾವೆಲ್ಲಾ ಇವನ್ನ ಕೇಳೋಣು" ಎಂದ. ಅಂದಿನಿಂದ ಮೂರು ತಿಂಗಳು ಸಿದ್ರಾಮ ಬಂದರೆ ಸಾಕು, "ಇಂಜಿನಿಯರ್ರು ಬಂದ್ರು, ಜಾಗಾ ಬಿಡ್ರಿ" ಎಂದು ಎಲ್ಲರೂ ಏಳುತ್ತಿದ್ದರು. ಅವನೂ ನಗುತ್ತಿದ್ದ, ನಗದೆ ಎಲ್ಲಿಗೆ ಹೋಗಬೇಕು.

ಎಪ್ಪತ್ನಾಲ್ಕರ ಏಪ್ರಿಲ್ಲಿನ ಒಂದು ಮಧ್ಯಾಹ್ನ. ಮದುವೆಗಳ ಹಂಗಾಮು, ಉಳಿದ ಗಾಡಿಗಳೆಲ್ಲ ಬಾಡಿಗೆಗೆ ಹೋಗಿದ್ದವು. ಮರದ ಕೆಳಗೆ ಮೋದಿನಸಾಬ ಒಬ್ಬನೇ ಇದ್ದ. ಸಿದ್ರಾಮ ಬಂದು ಕಾರು ನಿಲ್ಲಿಸಿದ. ನಿಲ್ಲಿಸುವಾಗಲೇ ಪೆಡಲನ್ನು ಎರಡು ಮೂರು ಸಲ ತುಳಿದದ್ದು ಕಾಣಿಸಿತು.

"ಕಾಕಾ, ಬ್ರೇಕ್ ಪೆಡಲ್ ತಳಕ್ಕ ಹೋಗಾಕತ್ತೈತ್ರಿ. ಡಬ್ಬಿ ನೋಡಿದ್ನಿ, ಎಣ್ಣಿ ಇಳದೈತಿ. ಊರಾಗ ಯಾವ ಅಂಗಡ್ಯಾಗೂ ಬ್ರೇಕ್ ಎಣ್ಣಿ ಇಲ್ಲ, ಬಿಜಾಪುರದಿಂದ ಬರಬೇಕಂತ. ನಾಳಿ ಮುಂಜಾನೆ ಸಾವಕಾರ್ರ ಅವ್ವಾರ್ನ ಬಾಗೇವಾಡಿಗೆ ಕರಕೊಂಡ ಹೋಗಬೇಕು. ಬ್ಯಾರೆ ಏನರ ಹಾಕಾಕ ಬರ್ತೈತೇನ್ರಿ?"

ಮೋದಿನಸಾಬನಿಗೆ ಗೊತ್ತಿರಲಿಲ್ಲ. ಅವನು ಹದಿನೈದು ವರ್ಷ ಓಡಿಸಿದ ಲಾರಿಗೆ ಇದ್ದದ್ದು ಸರಳಿನ ಬ್ರೇಕು, ಎಣ್ಣೆಯ ಸಂಬಂಧವೇ ಇಲ್ಲ. ತನ್ನ ಅಂಬಾಸಿಡರ್‌ನ ಬ್ರೇಕನ್ನು ಬಿಜಾಪುರದ ಮೇಸ್ತ್ರಿಯೇ ಬಿಚ್ಚಿ ಕಟ್ಟುತ್ತಿದ್ದ, ಇವನು ಹೊರಗೆ ನಿಂತು ಬೀಡಿ ಸೇದುತ್ತಿದ್ದ. ಗೊತ್ತಿಲ್ಲ ಎನ್ನಲು ಅಡ್ಡಿಯೇನೂ ಇರಲಿಲ್ಲ. ನಗಲು ನಾಲ್ಕು ಜನರೂ ಇರಲಿಲ್ಲ. ಎದುರಿಗೆ ನಿಂತವನು ಒಬ್ಬನೇ, ಅದೂ ಸಿದ್ರಾಮ. ಆದರೂ ಆ ಒಂದು ಶಬ್ದ ಬಾಯಿಗೆ ಬರಲಿಲ್ಲ. ಅಭ್ಯಾಸವೇ ಇರಲಿಲ್ಲ ನೋಡಿ. ಬೀಡಿಯ ಬೂದಿ ಕೊಡವಿದ.

"ಇಂಜಿನ್ ಎಣ್ಣಿ ಹಾಕು. ಕಾಲೀಲೆ ಒತ್ತಿದ್ರ ಎಣ್ಣಿ ಮುಂದ ಹೋಗಬೇಕು, ಅಷ್ಟ. ಯಾವ ಎಣ್ಣಿ ಅಂತ ಗಾಲಿಗೇನ ಗೊತ್ತಾಗ್ತೈತಿ?"

ಸಿದ್ರಾಮ ಏನೋ ಹೇಳಲು ಬಾಯಿ ತೆರೆದ. ಆಮೇಲೆ ಮುಚ್ಚಿದ. "ಆತ್ರಿ ಕಾಕಾ" ಎಂದು, ಹೋಟೆಲಿನವನಿಗೆ ಒಂದು ಚಹಾ ಹೇಳಿ ಹೊರಟುಹೋದ. ಮೋದಿನಸಾಬ ಚಹಾ ಕುಡಿದ.

ಬ್ರೇಕು ಹಿಡಿಯಿತು. ಮರುದಿನ ಮುಂಜಾನೆ ಸಾವಕಾರರ ತಾಯಿ ಲಕ್ಕವ್ವನನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಸಿದ್ರಾಮ ಸಲೀಸಾಗಿ ಬಸವನ ಬಾಗೇವಾಡಿ ಮುಟ್ಟಿದ. ಮುದುಕಿ ಮಗಳ ಮನೆಯಲ್ಲಿ ನಾಲ್ಕು ದಿನ ಉಳಿದಳು, ಕಾರೂ ಅಲ್ಲೇ ನಿಂತಿತು. ಐದನೇ ದಿನ ವಾಪಸು ಬರುವಾಗ ಗಾಡಿ ಯಾಕೋ ಭಾರವಾಗಿ ಎಳೆಯತೊಡಗಿತು. ಇಳಿದು ನೋಡಿದರೆ ಗಾಲಿಗಳು ಮುಟ್ಟಲಾಗದಷ್ಟು ಕಾದಿದ್ದವು. ತಣ್ಣಗಾಗಲೆಂದು ಗಿಡದ ನೆರಳಲ್ಲಿ ಒಂದು ತಾಸು ನಿಲ್ಲಿಸಿ ಮತ್ತೆ ಹೊರಟ. ಡೋಣಿ ಹೊಳೆಗೆ ಇಳಿಯುವ ಇಳಿಜಾರಿನಲ್ಲಿ ಪೆಡಲ್ ತುಳಿದರೆ ಕಾಲ ಕೆಳಗೆ ಏನೂ ಇರಲಿಲ್ಲ. ಮುಂದೆ ಎತ್ತಿನ ಬಂಡಿಗಳ ಸಾಲು. ಸಿದ್ರಾಮ ಹೊಲದ ಕಡೆ ತಿರುವಿ ಜಾಲಿಗಿಡಕ್ಕೆ ಗಾಡಿ ಕೊಟ್ಟ. ಬಂಡಿಯವರು ಉಳಿದರು. ಲಕ್ಕವ್ವನ ಬಲಗೈ ಮಣಿಕಟ್ಟಿನಲ್ಲಿ ಮುರಿಯಿತು. ಸಿದ್ರಾಮನ ಹಣೆ ಒಡೆದು ಏಳು ಹೊಲಿಗೆ ಬಿತ್ತು.

ಗಾಡಿಯನ್ನು ಬಿಜಾಪುರಕ್ಕೆ ಎಳೆಸಿ ಬಿಚ್ಚಿಸಿದಾಗ ಒಳಗಿನ ಎಣ್ಣೆಯ ಸಂಗತಿ ಹೊರಬಿತ್ತು. ಶ್ರೀಶೈಲಪ್ಪ ಸಿಟ್ಟಿನ ಮನುಷ್ಯ, ಆದರೆ ನ್ಯಾಯ ಬಿಟ್ಟವರಲ್ಲ. ಹಣೆಗೆ ಪಟ್ಟಿ ಕಟ್ಟಿಕೊಂಡು ನಿಂತ ಸಿದ್ರಾಮನನ್ನು ಒಂದೇ ಪ್ರಶ್ನೆ ಕೇಳಿದರು, "ಯಾರ ಹೇಳಿದ್ರೋ ನಿನಗ ಇದನ್ನ ಹಾಕಂತ?"

"ಯಾರೂ ಇಲ್ರಿ. ನನ್ನ ತಲಿಗೆ ಬಂತು, ಹಾಕಿದ್ನಿ."

ಚಾವಿ ಇಸಿದುಕೊಂಡು ಕಳಿಸಿದರು. ಆ ಮೇಲೆ ಅವನಿಗೆ ಗಾಡಿ ಕೊಡುವವರು ಯಾರು? ಬಾಜಾರದಲ್ಲಿ ಹಮಾಲಿಗೆ ಸೇರಿದ. ಸ್ಟಿಯರಿಂಗ್ ಹಿಡಿದ ಕೈಯಲ್ಲಿ ಚೀಲದ ಕೊಕ್ಕೆ ಹಿಡಿದ.

ಈ ಸುದ್ದಿ ಮೋದಿನಸಾಬನ ಕಿವಿಗೂ ಬಿತ್ತು. ನಿಜ ಹೇಳಬೇಕೆಂದರೆ, ಮೊದಲು ಬಂದದ್ದು ಸಂಕಟವಲ್ಲ, ಅಂಜಿಕೆ. ಸಿದ್ರಾಮ ತನ್ನ ಹೆಸರು ಹೇಳಿಲ್ಲ ಎಂದು ತಿಳಿದಾಗ ಎದೆ ಹಗುರಾಯಿತು. ಆ ಹಗುರಾದ ಎದೆಯ ಮೇಲೆ ಅವನಿಗೆ ಆಮೇಲೆ ಎಷ್ಟು ಹೇಸಿಗೆ ಬಂತೆಂದರೆ, ಕನ್ನಡಿ ಮುಂದೆ ಕೂತು ಗಡ್ಡ ಕೆರೆದುಕೊಳ್ಳುವುದನ್ನೇ ಬಿಟ್ಟು ಗಡ್ಡ ಬೆಳೆಸಿದ. ಜನ ಅದನ್ನು ದೈವಭಕ್ತಿ ಎಂದುಕೊಂಡರು.

ಅದರ ಮರುವಾರ ಬಿಜಾಪುರಕ್ಕೆ ಬಾಡಿಗೆ ಸಿಕ್ಕಿತು. ಮೇಸ್ತ್ರಿಯ ಹತ್ತಿರ ಹೋಗಿ, ಬೇರೆ ಯಾರದೋ ಕಥೆ ಹೇಳುವವನಂತೆ ನಟಿಸಿ, ಇಂಜಿನ್ ಎಣ್ಣೆ ಹಾಕಿದರೆ ಏನಾಗುತ್ತದೆ ಎಂದು ಕೇಳಿ ತಿಳಿದುಕೊಂಡ. ಇಷ್ಟಕ್ಕೇ ಬಾಯಿ ಮುಚ್ಚಿಕೊಂಡಿದ್ದರೆ ಈ ಕಥೆಯ ನಾಚಿಕೆ ಅರ್ಧ ಕಡಿಮೆಯಾಗುತ್ತಿತ್ತು. ಮರುದಿನ ಸ್ಟ್ಯಾಂಡಿನಲ್ಲಿ ಜೀಪಿನ ರೇವಪ್ಪ ಕೇಳಿದ, "ಕಾಕಾ, ಬ್ರೇಕಿಗೆ ಇಂಜಿನ್ ಎಣ್ಣಿ ಹಾಕಿದ್ರ ಯಾಕ ಹಾಂಗ ಆಕ್ಕೈತ್ರಿ?" ಏಳೆಂಟು ಡ್ರೈವರುಗಳು ಸುತ್ತ ಕುಂತಿದ್ದರು. ಮೋದಿನಸಾಬ ಬೀಡಿ ಹಚ್ಚಿದ. ನಾಲ್ಕು ದಮ್ಮು ಎಳೆದ.

"ಒಳಗ ರಬ್ಬರ್ ಇರ್ತಾವು. ಆ ಎಣ್ಣಿ ಕುಡದು ಅವು ಉಬ್ಬತಾವು. ಮೊದ್ಲ ಬ್ರೇಕ್ ಹಿಡದದ್ದು ಬಿಡೂದಿಲ್ಲ, ಗಾಲಿ ಕಾಯ್ತಾವು. ಆಮ್ಯಾಲ ರಬ್ಬರ್ ಕೆಟ್ಟು ಪೆಡಲ್ ಬರೇ ಬೀಳ್ತೈತಿ." ಎಲ್ಲರೂ ತಲೆದೂಗಿದರು. ಅಲ್ಲಿಗೆ ನಿಲ್ಲಿಸಬಹುದಿತ್ತು. ತಲೆದೂಗುವವರನ್ನು ನೋಡಿ ನಾಲಿಗೆ ತಾನಾಗಿಯೇ ಮುಂದೆ ಹೋಯಿತು. "ಇಲ್ಲೇ ಕುಂತಿರ್ತೇನಿ ದಿನಾ. ನನ್ನ ಒಂದ ಮಾತ ಕೇಳಿದ್ರ ಮುಗೀತಿತ್ತು."

ಹೇಳಿ ತಲೆ ಎತ್ತಿದರೆ, ರಸ್ತೆಯಾಚೆ ಹೋಟೆಲಿನ ಕಟ್ಟೆಯ ಮೇಲೆ ಸಿದ್ರಾಮ ಕುಂತಿದ್ದ. ಹೆಗಲ ಮೇಲೆ ಹಮಾಲರ ಅರಿವೆ. ಕೇಳಿಸಿತ್ತು. ಅವನು ಇತ್ತ ನೋಡಲಿಲ್ಲ. ಚಹಾದ ಕಪ್ಪು-ಬಸಿ ಕೆಳಗಿಟ್ಟು, ಹೆಗಲ ಅರಿವೆಯಿಂದ ಬಾಯಿ ಒರೆಸಿಕೊಂಡು ಬಾಜಾರದ ಕಡೆ ನಡೆದುಹೋದ.

ಮೋದಿನಸಾಬನ ಊಟ ಕೆಟ್ಟದ್ದು ಅವತ್ತಿನಿಂದ. ಬಾಡಿಗೆ ಹೊಡೆಯುತ್ತಿದ್ದ, ಆದರೆ ಎಲ್ಲಿ ಹೋದರೂ ಆ ಕಥೆ ಅವನಿಗಿಂತ ಮುಂಚೆ ಹೋಗಿ ಕುಂತಿರುತ್ತಿತ್ತು. ಮಳೆಗಾಲದಲ್ಲಿ ಇಂಡಿಗೆ ಹೋದಾಗ, ನಿಂಬೆಹಣ್ಣಿನ ಟೆಂಪೋದವರು ನಕ್ಕು ನಕ್ಕು ಅವನಿಗೇ ಹೇಳಿದರು, "ನಿಮ್ಮ ಸಿಂದಗ್ಯಾಗ ಒಬ್ಬ ಡ್ರೈವರ ಬ್ರೇಕಿಗೆ ಇಂಜಿನ್ ಎಣ್ಣಿ ಹಾಕಿದ್ನಂತ ಹೌದೇನ್ರಿ? ನೀವಿದ್ದ ಊರಾಗ ಅಂಥಾ ದಡ್ಡ ಹ್ಯಾಂಗ ಹುಟ್ಟಿದಾ?" ಮೋದಿನಸಾಬ ನಗಲು ಹೋದ. ತುಟಿ ಅಲುಗಿತು, ನಗೆ ಬರಲಿಲ್ಲ. ಮುದ್ದೇಬಿಹಾಳದಲ್ಲೂ ಇದೇ ಮಾತು. ಎಲ್ಲೂ ಅವನ ಹೆಸರಿಗೆ ಒಂದು ಗೆರೆಯೂ ಬಿದ್ದಿರಲಿಲ್ಲ. ಬಿದ್ದಿದ್ದರೆ ಚಲೋ ಇತ್ತು ಎಂದು ಅವನಿಗೇ ಅನ್ನಿಸತೊಡಗಿತು.

ದೀಪಾವಳಿಯ ಮುಂದೆ ಹೆಂಡತಿ ದಾವಲಬಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಕೇಳಿದಳು, "ಆರ ತಿಂಗಳಾತು, ಎರಡ ರೊಟ್ಟಿ ಮ್ಯಾಲ ಮುಟ್ಟವಲ್ರಿ. ಏನಾಗೈತಿ ಹೇಳ್ತೀರೋ ಇಲ್ಲೋ?"

ಹೇಳಿದ. ಒಲೆಯ ಮುಂದೆ ಕುಂತು, ಹೆಂಡತಿಯ ಮುಖ ನೋಡದೆ ಹೇಳಿದ. ದಾವಲಬಿ ಹಿಟ್ಟಿನ ಕೈ ಕೊಡವಿದಳು. "ಗುರವ್ವ ಬಸುರಿ ಅದಾಳು. ಅವರಿವರ ಹೊಲಕ್ಕ ಕಳೇ ತಗ್ಯಾಕ ಹೋಗಾಕತ್ತಾಳು. ನಾ ದಿನಾ ನೋಡ್ತೇನಿ," ಎಂದಳು. ಗುರವ್ವ ಅಂದರೆ ಸಿದ್ರಾಮನ ಹೆಂಡತಿ. "ಸಾವಕಾರ್ರ ಮುಂದ ಹೋಗಿ ಹೇಳಿ ಬರ್ರಿ. ಅಲ್ಲೀತನಕ ನನ್ನ ಕೂಡ ಮಾತಾಡಬ್ಯಾಡ್ರಿ."

ಹೇಳಬೇಕೆಂದು ಹೊರಟು, ಬಾಜಾರದ ಕಮಾನಿನ ತನಕ ಹೋಗಿ ತಿರುಗಿ ಬಂದದ್ದು ಎಷ್ಟು ಸಲವೋ. ಇವತ್ತು ಸಾವಕಾರರು ಸಿಟ್ಟಿನಲ್ಲಿದ್ದಾರೆ, ಇವತ್ತು ಗಿರಾಕಿ ಇದ್ದಾರೆ, ಇವತ್ತು ಅಮಾಸಿ. ಹೊಸ ತೊಗರಿ ಬಾಜಾರಕ್ಕೆ ಬಂದ ಮೇಲೆ, ಜನವರಿಯ ಒಂದು ಮುಂಜಾನೆ, ಅಂತೂ ಕಾಲುಗಳು ಸಾವಕಾರರ ಅಂಗಡಿಯೊಳಗೆ ಹೋದವು. ಶ್ರೀಶೈಲಪ್ಪ ಗಾದಿಯ ಮೇಲೆ ಕುಂತು ತೊಗರಿಯನ್ನು ಅಂಗೈಯಲ್ಲಿ ಉಜ್ಜಿ ನೋಡುತ್ತಿದ್ದರು. ಹೊರಗೆ ಹಮಾಲರು ಚೀಲ ಇಳಿಸುತ್ತಿದ್ದರು, ಅವರಲ್ಲಿ ಸಿದ್ರಾಮನೂ ಇದ್ದ.

"ಸಾವಕಾರ್ರ, ಬ್ರೇಕಿಗೆ ಇಂಜಿನ್ ಎಣ್ಣಿ ಹಾಕಂತ ಸಿದ್ರಾಮಗ ಹೇಳಿದಾಂವ ನಾನ್ರಿ. ತಪ್ಪ ನಂದೈತಿ. ಅವನ್ನ ಮತ್ತ ಗಾಡಿ ಮ್ಯಾಲ ತಗೋರಿ."

ಒಂಬತ್ತು ತಿಂಗಳು ಎದೆಯಲ್ಲಿ ಕಲ್ಲಾಗಿದ್ದ ಮಾತು ಎರಡು ಉಸಿರಿನಲ್ಲಿ ಮುಗಿಯಿತು. ಸಾವಕಾರರು ಅಂಗೈಯ ತೊಗರಿಯನ್ನು ಚೀಲಕ್ಕೆ ಸುರಿದರು. ಆಮೇಲೆ ಅವರ ಮುಖ ಸಡಿಲಾಯಿತು.

"ಕುಂಡ್ರು ಮೋದಿನಸಾಬ. ಒಬ್ಬ ಡ್ರೈವರನ ಹೊಟ್ಟಿ ಸಲವಾಗಿ ನಿನ್ನ ಹೆಸರಿಗೆ ಮಸಿ ಬಳಕೊಳ್ಳಾಕ ಬಂದೀಯಲ್ಲ, ನಿನ್ನಂಥಾ ಮನಷ್ಯಾ ಈ ಊರಾಗ ಎಷ್ಟ ಮಂದಿ ಅದಾರು?"

"ಇಲ್ರಿ, ಖರೇನ ನಾನ..."

"ನೀ ಅಂಥಾ ಮಾತ ಹೇಳಾಂವಲ್ಲ. ಮೂರ ತಾಲೂಕಿಗೆ ಗೊತ್ತೈತಿ." ಸಾವಕಾರರು ಬಾಗಿಲ ಕಡೆ ತಿರುಗಿ ಕರೆದರು. ಸಿದ್ರಾಮ ಬಂದು ಹೊಸ್ತಿಲ ಹೊರಗೆ ನಿಂತ. ಮೈಯೆಲ್ಲ ತೊಗರಿಯ ಧೂಳು, ಹಣೆಯ ಮೇಲೆ ಹೊಲಿಗೆಯ ಗೆರೆ. "ಏನೋ, ಎಣ್ಣಿ ಹಾಕಂತ ಇಂವ ಹೇಳಿದ್ನೇನೋ ನಿನಗ?"

ಸಿದ್ರಾಮ ಮೋದಿನಸಾಬನನ್ನು ನೋಡಿದ. ಹೌದು ಎನ್ನಲಿ ಎಂದು ಮೋದಿನಸಾಬ ಅಲ್ಲಾನನ್ನು ಬೇಡಿಕೊಂಡ. ಜೀವಮಾನದಲ್ಲಿ ಒಬ್ಬರ ಬಾಯಿಂದ ಒಂದು ಮಾತು ಬರಲೆಂದು ಅಷ್ಟು ಬೇಡಿದ್ದಿಲ್ಲ.

"ಇಲ್ರಿ," ಎಂದ ಸಿದ್ರಾಮ.

ಸಾವಕಾರರು ಮೋದಿನಸಾಬನ ಹೆಗಲು ತಟ್ಟಿದರು. ಚಹಾ ತರಿಸಿದರು. ಬಂದು ಹೋಗುವವರಿಗೆಲ್ಲ, ಇವನ ದೊಡ್ಡ ಮನಸು ನೋಡ್ರಿ ಎಂದು ತೋರಿಸಿದರು. ಆ ಚಹಾ ಗಂಟಲಲ್ಲಿ ಇಳಿಸುವಾಗ ಮೋದಿನಸಾಬನಿಗೆ ಅನ್ನಿಸಿದ್ದು ಇಷ್ಟು, ಮುಖಕ್ಕೆ ಉಗುಳಿದ್ದರೆ ಸುಖವಾಗಿತ್ತು. ಅವನ ಹೆಸರು ಮೊದಲಿಗಿಂತ ಒಂದು ಗೇಣು ಎತ್ತರವಾಗಿತ್ತು. ಇಳಿಸುವ ದಾರಿ ಅವನಿಗೆ ತಿಳಿಯಲಿಲ್ಲ.

ಹೊರಗೆ ಬಂದು, ಚೀಲಗಳ ಒಟ್ಟಿಲಿನ ಹಿಂದೆ ಸಿದ್ರಾಮನನ್ನು ಹಿಡಿದು ನಿಲ್ಲಿಸಿದ.

"ಯಾಕ ಇಲ್ಲಂದಿ, ತಮ್ಮಾ?"

ಸಿದ್ರಾಮ ಅರಿವೆಯಿಂದ ಕುತ್ತಿಗೆ ಒರೆಸಿಕೊಂಡ. "ಹೌದಂದಿದ್ರ ಯಾರ ನಂಬತಿದ್ರು ಕಾಕಾ? ದಡ್ಡ ಅಂತಾರ ಈಗ. ಹಿರಿಯಾರ ಮ್ಯಾಲ ಹಾಕಿದಾ ಅಂತಿದ್ರು ಆಮ್ಯಾಲ. ದಡ್ಡ ಅನಿಸಿಕೊಳ್ಳೂದು ರೂಢಿ ಆಗೇತಿ." ಅರಿವೆಯನ್ನು ಹೆಗಲಿಗೆ ಹಾಕಿಕೊಂಡು ಅಂದ, "ಮತ್ತ ತಪ್ಪ ನಂದೂ ಐತಿ. ಆ ಎಣ್ಣಿ ಹಾಕಬಾರದು ಅಂತ ನನಗ ಅನುಮಾನ ಇತ್ರಿ. ನಮ್ಮ ಮಾವ ಗುಲ್ಬರ್ಗಾದಾಗ ಬಸ್ ಡಿಪೋದಾಗ ಇದ್ದಾಂವ, ಒಮ್ಮೆ ಹೇಳಿದ್ದ ನೆನಪ. ಅವತ್ತ ಸಂಜಿಮುಂದ ಡಬ್ಬಿ ಕೈಯಾಗ ಹಿಡಕೊಂಡ ನಿಮ್ಮ ಮನಿ ಬಾಗಲತನಕ ಬಂದಿದ್ನಿ, ಇನ್ನೊಮ್ಮೆ ಕೇಳೋಣು ಅಂತ. ನಿಂತು ನೋಡಿದ್ನಿ. ಎರಡ್ನೇ ಸಲ ಕೇಳಿದ್ರ ಮತ್ತ ಇಂಜಿನಿಯರ್ರು ಅಂತೀರಿ ಅನಿಸ್ತು. ತಿರುಗಿ ಹೋದ್ನಿ. ಕೇಳಬೇಕಿತ್ತು."

ಒಂದು ಸಂಗತಿಯನ್ನು ಮೋದಿನಸಾಬ ದಾವಲಬಿಗೂ ಹೇಳಿರಲಿಲ್ಲ, ತನಗೆ ತಾನೂ ನೆಟ್ಟಗೆ ಹೇಳಿಕೊಂಡಿರಲಿಲ್ಲ. ಅವತ್ತು ಸಂಜೆ ಅವನು ಪಡಸಾಲೆಯಲ್ಲಿ ಕುಂತಿದ್ದ. ಅರ್ಧ ತೆರೆದ ಬಾಗಿಲಾಚೆ ಸಿದ್ರಾಮ ಬಂದು ನಿಂತದ್ದು ಕಂಡಿತ್ತು, ಕೈಯಲ್ಲಿದ್ದ ಎಣ್ಣೆ ಡಬ್ಬಿಯೂ ಕಂಡಿತ್ತು. ಯಾಕೆ ಬಂದಿದ್ದಾನೆಂಬುದೂ ಗೊತ್ತಾಗಿತ್ತು. ಕರೆದರೆ ಮತ್ತೆ ಕೇಳುತ್ತಾನೆ, ಮತ್ತೆ ಕೇಳಿದರೆ ಹೇಳಲು ತನ್ನ ಹತ್ತಿರ ಏನೂ ಇಲ್ಲ. ಅದಕ್ಕೇ ಕೆಮ್ಮಲಿಲ್ಲ, ಮಿಸುಕಲಿಲ್ಲ, ಗೋಡೆಗೆ ಆತು ಕುಂತ. ಹೆಜ್ಜೆ ದೂರವಾದ ಮೇಲೆ ಬೀಡಿ ಹಚ್ಚಿದ.

ಇದನ್ನು ನುಂಗಿಕೊಂಡು ಹೋಗಬಹುದಿತ್ತು. ಯಾರಿಗೂ ತಿಳಿಯುತ್ತಿರಲಿಲ್ಲ.

"ನಾ ನೋಡಿದ್ನಿ ನಿನ್ನ," ಎಂದ ಮೋದಿನಸಾಬ. "ಬಾಗಲದಾಗ ನಿಂತಿದ್ದಿ. ಕೇಳಾಕ ಬಂದೀ ಅಂತ ಗೊತ್ತಾತು. ನನಗ ಗೊತ್ತಿದ್ದಿಲ್ಲ ತಮ್ಮಾ, ಏನ್ ಹಾಕಬೇಕಂತ ಮೊದ್ಲಿಂದ್ಲೂ ಗೊತ್ತಿದ್ದಿಲ್ಲ. ಅದಕ್ಕ ಕರೀಲಿಲ್ಲ."

ಬೈಗುಳ ಬರುತ್ತದೆಂದು ಮೋದಿನಸಾಬ ಕಾದ. ಹೊಡೆದರೂ ತಿನ್ನಬೇಕೆಂದು ಕೈ ಕೆಳಗೆ ಬಿಟ್ಟು ನಿಂತಿದ್ದ. ಸಿದ್ರಾಮನ ಕಣ್ಣಲ್ಲಿ ಇಷ್ಟು ದಿನ ಉಳಿದಿದ್ದ ಏನೋ ಒಂದು ಆರಿಹೋದದ್ದು ಅವನಿಗೆ ಕಾಣಿಸಿತು. ಅತ್ತ ಉಳಿದ ಹಮಾಲರು ಕರೆಯುತ್ತಿದ್ದರು. ಸಿದ್ರಾಮ ಬಗ್ಗಿ, ಕೊಕ್ಕೆ ಹಾಕಿ, ತೊಗರಿ ಚೀಲವನ್ನು ಬೆನ್ನಿಗೆ ಏರಿಸಿಕೊಂಡ. ಒಟ್ಟಿಲುಗಳ ನಡುವಿನ ಸಂದಿಯಲ್ಲಿ ಮೋದಿನಸಾಬ ಅಡ್ಡ ನಿಂತಿದ್ದ.

"ಸರೀರಿ ಸ್ವಲ್ಪ," ಎಂದ ಸಿದ್ರಾಮ. ಕಾಕಾ ಎನ್ನಲಿಲ್ಲ. "ಚೀಲ ಭಾರ ಐತಿ."

ಮೋದಿನಸಾಬ ಸರಿದು ನಿಂತ.